ಹಿಂದೆ ಸರಿದ ಕುರ್ಚಿಗಳು

ಭಾನುವಾರ, ಬೆಳಗಿನ ಎರಡನೇ ಕಾಫಿ ಆದಮೇಲೆ

ನನ್ನ ಪ್ರೀತಿಯ ವೈರು,

ವೈರು ಅಂತಲೇ ಬರೆದಿದ್ದೇನೆ. ಸಿಟ್ಟಿನಲ್ಲಿ ವೈರಿ ಅಂತ ಓದಿಕೊಳ್ಳಬೇಡ. ಮನೆಯ ರೇಡಿಯೋ ಬಿಚ್ಚಿ ಹಾಕಿ, ತಂತಿಗಳ ನಡುವೆ ಕೂತು, ಏನೂ ಆಗಿಲ್ಲವೆಂಬಂತೆ ನನ್ನ ಮುಖ ನೋಡಿದ ಆರು ವರ್ಷದ ತಮ್ಮನಿಗೆ ನಾನೇ ಇಟ್ಟ ಹೆಸರು ಅದು. ಇಟ್ಟವಳಿಗೆ ಕರೆಯುವ ಹಕ್ಕು ಇದ್ದೇ ಇದೆ, ನೀನು ಓಗೊಟ್ಟರೂ ಅಷ್ಟೆ, ಬಿಟ್ಟರೂ ಅಷ್ಟೆ.

ನೀನು ಹೋಗಿ ವರ್ಷದ ಮೇಲಾಯಿತು. ಅಷ್ಟು ದಿನಕ್ಕೆ ನಿನ್ನಿಂದ ಬಂದದ್ದು ಮೊನ್ನೆಯ ಆ ಒಂದು ಮೆಸೇಜು. ಹಾಡಮ್ಮನ ಕೊನೇ ಕಾರ್ಯಕ್ರಮ ಅಂತ ಗೊತ್ತಾಯ್ತು, ಬರ್ತೀನಿ, ಸೌಂಡು ನಾನೇ ಮಾಡೋದು, ಆ ಜಾಗದಲ್ಲಿ ಬೇರೆ ಯಾರನ್ನೂ ಕೂರಿಸಬೇಡ. ಮುಗಿಯಿತು. ಕ್ಷೇಮವೇ ಅಂತಿಲ್ಲ, ಅಕ್ಕ ಅನ್ನುವ ಎರಡಕ್ಷರವಿಲ್ಲ. ಪದಕ್ಕಿಷ್ಟು ಅಂತ ದುಡ್ಡು ತೆತ್ತು ತಂತಿ ಕಳಿಸುತ್ತಿದ್ದ ಕಾಲದವರೂ ನಿನ್ನಷ್ಟು ಜಿಪುಣರಾಗಿರಲಿಲ್ಲ ಕಣೋ.

ಅದನ್ನು ಓದಿ ಅಡಿಗೆಮನೆಯಲ್ಲಿ ಸೌಟು ಹಿಡಿದುಕೊಂಡೇ ಒಂದು ಸುತ್ತು ಕುಣಿದೆ. ಆಮೇಲೆ ಕೂತೆ. ಕೂತವಳಿಗೆ ಏಳಲಾಗಲಿಲ್ಲ. ಯಾಕೆಂದರೆ ನಾನು ಕೊಡಬೇಕಾದ ಉತ್ತರ ಒಂದೇ ಶಬ್ದದ್ದು, ಅದು ನಿನಗೆ ಬೇಕಾದ ಶಬ್ದ ಅಲ್ಲ. ಒಂದು ಶಬ್ದ ಬರೆಯಲು ಧೈರ್ಯವಿಲ್ಲದವರು ಹತ್ತು ಪುಟ ಬರೆಯುತ್ತಾರೆ, ಹಾಗೆ ಹುಟ್ಟಿದ್ದೇ ಸಾಹಿತ್ಯ ಅಂತ ನಮ್ಮ ಕಾಲೇಜಿನ ಮೇಷ್ಟ್ರು ಹೇಳುತ್ತಿದ್ದರು. ಅವರ ಶಿಷ್ಯೆ ಈಗ ಪುಟ ತುಂಬಿಸುತ್ತಿದ್ದಾಳೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಎಲ್ಲದಕ್ಕೂ ಹಾಂ ಹಾಂ, ಸರಿ ಸರಿ ಅನ್ನುತ್ತೀಯ. ನಾನು ಏನು ಹೇಳಿದೆ ಅನ್ನುವುದು ನಿನಗೆ ತಲುಪಿತೋ ಇಲ್ಲವೋ ಗೊತ್ತಾಗುವುದಿಲ್ಲ. ಕಾಗದವಾದರೆ ತಲುಪುತ್ತದೆ.

ಶುರುವಿನಿಂದ ಹೇಳುತ್ತೇನೆ, ನಿನಗೆ ಗೊತ್ತಿದ್ದರೂ. ನನಗೆ ಹೇಳಿಕೊಳ್ಳಬೇಕಾಗಿದೆ.

ನಾವು ಶುರುಮಾಡಿದಾಗ ಈ ಊರಲ್ಲಿ ಸಂಗೀತ ಅಂತ ಏನಿತ್ತು? ಮೊಬೈಲ್ ಅಂಗಡಿಗಳ ಸ್ಪೀಕರು ಇತ್ತು. ಹಾಡುವವರು ಇರಲಿಲ್ಲವೆಂದಲ್ಲ, ಎಲ್ಲರೂ ಅವರವರ ಬಚ್ಚಲುಮನೆಯಲ್ಲಿ ಪ್ರಸಿದ್ಧರಾಗಿದ್ದರು. ಎಂ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನಾನು, ಅವರನ್ನೆಲ್ಲ ಬಚ್ಚಲಿನಿಂದ ಹೊರಗೆ ಕರೆತಂದು ನಾಲ್ಕು ಜನರ ಮುಂದೆ ಕೂರಿಸೋಣ ಅಂದಾಗ, ಮೊದಲು ಮೈ ಒರೆಸಿಕೊಳ್ಳೋಕೆ ಹೇಳು ಅಂದವನು ನೀನು. ಎಂ.ಎ. ಅಂದರೆ ಮೈಕ್ ಅಸಿಸ್ಟೆಂಟ್ ಅಂತ ಬಿಡಿಸಿ ಹೇಳಿ, ನನ್ನ ತಲೆಯ ಮೇಲೆ ವೈರಿನ ಸುರುಳಿ ಹೊರಿಸಿದವನೂ ನೀನೇ.

ಹಾಸಿಗೆ ಸಾಹುಕಾರರ ಅಂಗಡಿಯ ಮೇಲಿನ ಗೋದಾಮು ಸಿಕ್ಕಿತು. ಭಾನುವಾರ ಸಂಜೆ ಅಂಗಡಿ ಮುಚ್ಚಿರುತ್ತೆ, ಮೇಲೆ ಏನಾದರೂ ಮಾಡ್ಕೊಳ್ಳಿ ತಾಯಿ, ಹಾಸಿಗೆ ಮೇಲೆ ಚಪ್ಪಲಿ ಹಾಕ್ಕೊಂಡು ಮಾತ್ರ ಓಡಾಡಬೇಡಿ ಅಂದರು. ನೀನು ಆ ಖಾಲಿ ಗೋದಾಮಿನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದೆ. ತಲೆ ವಾರೆ ಮಾಡಿ, ಆ ಸದ್ದು ಯಾವ ಗೋಡೆಗೆ ಹೋಗಿ ಹೇಗೆ ಬಂತು ಅಂತ ಕೇಳಿಸಿಕೊಂಡೆ. ಇನ್ನೊಂದು ಮೂಲೆಗೆ ಹೋಗಿ ಇನ್ನೊಂದು. ಸಾಹುಕಾರರು ನನ್ನ ಹತ್ತಿರ ಬಂದು, ನಿಮ್ಮ ತಮ್ಮನಿಗೆ ಆಗಾಗ ಹೀಗೆ ಆಗುತ್ತಾ ಅಂತ ಪಿಸುಗುಟ್ಟಿದರು. ಆಮೇಲೆ ನೀನು, ಗಿರಾಕಿಗಳು ವಾಪಸು ಕೊಟ್ಟ ಹಳೇ ಹಾಸಿಗೆಗಳನ್ನು ಕೇಳಿ ತಂದು ಗೋಡೆಗಳಿಗೆಲ್ಲ ನೇತುಹಾಕಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದಾರೆ. ಹಾಸಿಗೆಯನ್ನೇ ಗೋಡೆಗೆ ಹತ್ತಿಸಿದವರು ಕಾಲು ಎಷ್ಟು ಚಾಚಬೇಕು ಅಂತ ಹೇಳಿಲ್ಲ. ನಾವು ಸಿಕ್ಕಾಪಟ್ಟೆ ಚಾಚಿದೆವು.

ಆಗ ನಿನ್ನ ಕಿವಿ ಹೇಗಿತ್ತೆಂದರೆ, ಚಾಪೆಯ ಮೇಲೆ ಸೂಜಿ ಬಿದ್ದರೆ ಅದು ಎಷ್ಟನೇ ನಂಬರಿನ ಸೂಜಿ ಅಂತ ಹೇಳುತ್ತಿದ್ದೆ.

ಮೊದಲು ಬಂದವರು ಹಾಡಮ್ಮ. ಅವರು ಹಾಡುವುದನ್ನು ಬಿಟ್ಟಿರಲಿಲ್ಲ, ಕರೆಯುವವರು ಕರೆಯುವುದನ್ನು ಬಿಟ್ಟಿದ್ದರು. ಅವತ್ತು ಕೇಳುಗರಿಗಿಂತ ಕುರ್ಚಿ ಹೆಚ್ಚು. ಬಂದವರಲ್ಲೂ ಇಬ್ಬರು ಗೊರಕೆ ಹೊಡೆದರು. ನಾನು ನಾಚಿಕೆಯಿಂದ ಸಾಯುತ್ತಿದ್ದರೆ ಸಾಹುಕಾರರು ಎದೆಯುಬ್ಬಿಸಿ, ನೋಡಿದ್ರಾ ನಮ್ಮ ಮಾಲು, ಗೋಡೆ ಮೇಲಿದ್ರೂ ನಿದ್ದೆ ಬರುತ್ತೆ ಅಂದರು. ಹಾಡಮ್ಮ ಮಾತ್ರ ಹೋಗುವಾಗ ನಿನ್ನ ಗಲ್ಲ ಹಿಡಿದು, ಇಷ್ಟು ವರ್ಷಕ್ಕೆ ಇವತ್ತು ನನ್ನ ದನಿ ನನಗೇ ಕೇಳಿಸಿತು ಕಣೋ ಹುಡುಗಾ ಅಂದರು. ಅಮ್ಮ ಹೋದಮೇಲೆ ನಿನ್ನ ಗಲ್ಲ ಯಾರೂ ಹಿಡಿದಿರಲಿಲ್ಲ. ನೀನು ವೈರು ಸುತ್ತುವ ನೆಪದಲ್ಲಿ ಆಚೆ ತಿರುಗಿಕೊಂಡೆ. ನಾನು ನೋಡಲಿಲ್ಲ ಅಂದುಕೊಂಡೆಯಾ?

ಆಮೇಲೆ ಬಂದರಲ್ಲ ಒಬ್ಬೊಬ್ಬರೇ. ಗ್ಯಾರೇಜಿನ ಗಿಟಾರ್ ಹುಡುಗರು. ಕೊಳಲು ನುಡಿಸುವ ಪೋಸ್ಟ್ ಮಾಸ್ತರು. ಡ್ರಮ್ಮು ಬಾರಿಸುವ ಹಲ್ಲಿನ ಡಾಕ್ಟರು (ಬೆಳಿಗ್ಗೆ ಕಿತ್ತ ಹಲ್ಲಿನ ಪಾಪಕ್ಕೆ ಸಂಜೆ ಬಾರಿಸುತ್ತಾರೆ ಅಂತಿದ್ದೆ ನೀನು). ಪೋಸ್ಟರ್ ಅಚ್ಚು ಹಾಕುವವನು ನನ್ನನ್ನು ಸಂಘಟಕಿ ಅನ್ನುವ ಬದಲು ಸಂಕಟಕಿ ಅಂತ ಅಚ್ಚು ಹಾಕಿದ, ತಿದ್ದುವುದು ಬೇಡ, ಸರಿಯಾಗಿದೆ ಅಂತ ನೀನು ಹಾಗೆಯೇ ಊರೆಲ್ಲ ಅಂಟಿಸಿದೆ. ಜನ ಈಗಲೂ ದಾರಿಯಲ್ಲಿ ಸಂಕಟಮ್ಮಾ ಅಂತಲೇ ಕರೆಯುತ್ತಾರೆ.

ಮತ್ತೆ ನಿನ್ನ ನಿಯಮ. ನಮ್ಮಲ್ಲಿ ಹಾಡಬೇಕೆನ್ನುವವರು ಮೊದಲು ಬಂದು ಬೇರೆಯವರದನ್ನು ಪೂರಾ ಕೂತು ಕೇಳಬೇಕು, ಮಧ್ಯೆ ಎದ್ದುಹೋದವನಿಗೆ ಚಾನ್ಸಿಲ್ಲ. ಕೇಳೋಕೆ ಬಾರದವನಿಗೆ ವೇದಿಕೆ ಇಲ್ಲ ಅಂತ ಬಾಗಿಲ ಮೇಲೆ ಬರೆಸಿದೆ. ಎಲ್ಲರೂ ಬೈದರು. ಆದರೆ ಅದರಿಂದಲೇ ಕೇಳುವವರು ಹುಟ್ಟಿದರು ಈ ಊರಲ್ಲಿ. ಪೋಸ್ಟ್ ಮಾಸ್ತರು ಗಿಟಾರ್ ಕೇಳಿದರು, ಗ್ಯಾರೇಜಿನವರು ಕೊಳಲು ಕೇಳಿ ಹಾಳಾದರು, ಒಬ್ಬರನ್ನೊಬ್ಬರು ಮನೆಗೆ ಕರೆದರು, ಕಡೆಗೆ ಸೇರಿ ನುಡಿಸಿದರು. ಒಂದು ಊರಿಗೆ ಸಂಗೀತ ಬರುವುದು ಹಾಗೆ ಅಂತ ನನಗೆ ಗೊತ್ತಾದದ್ದು ನಿನ್ನಿಂದ. ಹಾಡುವ ಬಾಯಿ ಎಲ್ಲಿ ಬೇಕಾದರೂ ಸಿಗುತ್ತೆ ಅಕ್ಕಾ, ಕಿವಿ ಬೆಳೆಸಬೇಕು ಅಂತಿದ್ದೆ.

ಇನ್ನು ಬರೆಯಬೇಕಾದದ್ದಕ್ಕೆ ಬಂದೆ. ಸ್ವಲ್ಪ ಇರು, ಹಾಲು ಉಕ್ಕುತ್ತಿದೆ.

ಬಂದೆ. ಉಕ್ಕಿಹೋಗಿತ್ತು.

ಒಂದು ಬೆಳಿಗ್ಗೆ ನಿನಗೆ ಸಕ್ಕರೆ ಹಾಕಲಾ ಅಂತ ಕೇಳಿದೆ. ಅಕ್ಕರೆ ಎಲ್ಲ ಆಮೇಲೆ, ಮೊದಲು ಕಾಫಿ ಕೊಡು ಅಂದೆ ನೀನು. ಭಲೇ ಅಂತ ನಾನು ಬಿದ್ದು ಬಿದ್ದು ನಕ್ಕೆ. ನೀನು ಯಾಕೆ ನಗುತ್ತಿದ್ದೀಯ ಅಂತ ಕೇಳಿದೆ. ಆಗಲೂ ನಾನು ಅದು ನಿನ್ನ ಹೊಸ ನಾಟಕ ಅಂದುಕೊಂಡೆ. ಶ್ಲೇಷೆಯ ಹುಚ್ಚು ಹಿಡಿದ ಮನೆಯಲ್ಲಿ ಇದೊಂದು ಕಷ್ಟ, ಮನುಷ್ಯನಿಗೆ ಕಿವಿ ಕೇಳದಿದ್ದರೂ ಜಾಣತನ ಅಂತ ಚಪ್ಪಾಳೆ ಬೀಳುತ್ತದೆ.

ನಿನಗೆ ಹೋದದ್ದು ಮೇಲಿನ ಸದ್ದುಗಳು. ತಾಳದ ಕಿಣಿಕಿಣಿ, ಪಿಟೀಲಿನ ತುದಿ, ಹಾಡುವವರ ಸ, ಶ. ಅವು ಇಲ್ಲವೆಂದು ನೀನು ಅವನ್ನು ಏರಿಸಿದೆ. ನಿನಗೆ ಕೇಳುವಷ್ಟು ಏರಿಸಿದಾಗ ನಮಗೆ ಕಿವಿಯಲ್ಲಿ ಕಡ್ಡಿ ಆಡಿಸಿದ ಹಾಗೆ. ಮುಂದಿನ ಸಾಲಿನವರು ಮುಖ ಹಿಂಡುವುದನ್ನು ನಾನು ಬಾಗಿಲ ಹತ್ತಿರದಿಂದ ನೋಡಿದೆ. ಮುಂದಿನ ವಾರ ಕುರ್ಚಿಗಳನ್ನು ಒಂದು ಮಾರು ಹಿಂದೆ ಹಾಕಿದೆ. ಆಮೇಲೆ ಇನ್ನೊಂದು ಮಾರು. ಕಡೆಗೆ ವೇದಿಕೆಗೂ ಜನಕ್ಕೂ ನಡುವೆ ಲಾರಿ ತಿರುಗಿಸುವಷ್ಟು ಜಾಗವಾಗಿ, ಇದೇನಕ್ಕಾ ಅಂತ ನೀನು ಕೇಳಿದರೆ, ಕುಣಿಯುವವರಿಗೆ ಅಂತ ಹೇಳಿದೆ. ನಮ್ಮ ಊರಿನವರು! ಅವರು ಮದುವೆಯ ಮನೆಯಲ್ಲೇ ಕೈ ಕಟ್ಟಿಕೊಂಡು ನಿಲ್ಲುವವರು.

ಜನ ನನಗಿಂತ ಬುದ್ಧಿವಂತರು. ಕೆಳಗೆ ಮೆಟ್ಟಿಲ ಪಕ್ಕ ಸಾಹುಕಾರರ ಹತ್ತಿಯ ಮೂಟೆ ಬಾಯಿಬಿಟ್ಟುಕೊಂಡಿರುತ್ತಿತ್ತಲ್ಲ, ಹತ್ತುವವರೆಲ್ಲ ಒಂದೊಂದು ಚಿಟಿಕೆ ತೆಗೆದುಕೊಂಡು ಹತ್ತತೊಡಗಿದರು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ನಿಮ್ಮ ಸಂಗೀತದಿಂದ ನನ್ನ ದಿಂಬುಗಳು ಸೊರಗ್ತಾ ಇವೆ ತಾಯಿ ಅಂತ ಸಾಹುಕಾರರು ಹೇಳಿದರು, ಆದರೆ ಮೂಟೆ ಒಳಗೆ ಇಡಲಿಲ್ಲ. ಯೋಚಿಸು ವೈರು. ಆ ಜನ ಬೇರೆ ಕಡೆ ಹೋಗಬಹುದಿತ್ತು. ಮನೆಯಲ್ಲಿ ಕಾಲು ಚಾಚಿಕೊಂಡು ಟೀವಿ ನೋಡಬಹುದಿತ್ತು. ಕಿವಿಗೆ ಹತ್ತಿ ಇಟ್ಟುಕೊಂಡು ಸಂಗೀತ ಕೇಳಲು ಬಂದರು, ನಿನ್ನ ಮನಸ್ಸು ನೋಯಬಾರದು ಅಂತ. ನಿನಗೆ ಕಿವುಡು ಬಂತು, ಊರಿಗೆಲ್ಲ ಜಾಣಕಿವುಡು.

ಹೇಳಬೇಕಾದವಳು ನಾನು. ಅಕ್ಕ ಅಂದಮೇಲೆ ಕಿವಿಮಾತು ಹೇಳುವುದೇ ಕೆಲಸ, ನನಗೆ ಕಿವಿಯ ಮಾತೊಂದು ಬಿಟ್ಟು ಉಳಿದದ್ದೆಲ್ಲ ಹೇಳಲು ಬರುತ್ತಿತ್ತು. ಹಾಡಮ್ಮನ ಆ ದಿನ ನೆನಪಿದೆಯಾ? ಅರ್ಧ ಹಾಡಿಗೆ ಮೈಕು ಕೆಳಗಿಟ್ಟು, ಉಳಿದರ್ಧ ಬರೀ ಗಂಟಲಲ್ಲಿ ಹಾಡಿ ಮುಗಿಸಿದರು. ಕೇಳಿದ್ದಕ್ಕೆ, ಮೈಕು ಭಾರ ಕಣೋ, ವಯಸ್ಸಾಯ್ತು ಅಂದರು. ನೀನು ಹೋಗಿ ಹಗುರವಾದ ಮೈಕು ತಂದೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ಪಾಪಿಗಳು ನಾವು.

ಆಮೇಲೆ ಆ ಭಾನುವಾರ. ಎಲ್ಲರೂ ಹೋದಮೇಲೆ ನೀನು ಕುರ್ಚಿ ಎತ್ತುತ್ತಾ, ನೆಲದ ಮೇಲೆಲ್ಲ ಹತ್ತಿಯ ಉಂಡೆ ನೋಡಿ, ಗೋಡೆಯ ಹಾಸಿಗೆ ಎಲ್ಲೋ ಹರಿದಿದೆ ಅಂದೆ. ಬೆಳಿಗ್ಗೆ ಸೂಜಿ ದಾರ ತಂದು ಒಂದೊಂದೇ ಹಾಸಿಗೆ ತಡವಿ ಹರಕು ಹುಡುಕಿದೆ. ನಾನು ಪಕ್ಕದಲ್ಲೇ ಪೋಸ್ಟರಿಗೆ ಅಂಟು ಹಚ್ಚುತ್ತಾ ಕೂತಿದ್ದೆ. ಹರಕು ಸಿಗಲಿಲ್ಲ. ನೀನು ಕೆಳಗೆ ಹೋಗಿ ಸಾಹುಕಾರರನ್ನು ಕೇಳಿದೆ. ಹಾಸಿಗೆಗೆ ಏನೂ ಆಗಿಲ್ಲ ಮಗಾ ಅಂದರಂತೆ ಅವರು, ಅಷ್ಟು ಹೇಳಿ ಅತ್ತುಬಿಟ್ಟರಂತೆ. ಮೇಲೆ ಬಂದು ನೀನು ಕೇಳಿದ್ದು ಒಂದೇ, ಎಷ್ಟು ದಿನದಿಂದ ಅಕ್ಕಾ ಅಂತ. ನಾನು ಅಂಟಿನ ಕೈ ಒರೆಸಿಕೊಳ್ಳುವಷ್ಟರಲ್ಲಿ ನೀನು ಮೆಟ್ಟಿಲಿಳಿದಿದ್ದೆ. ಊರಿಗೆಲ್ಲ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ ಅಂತ ಬೀದಿಯಲ್ಲಿ ನಿಂತು ಹೇಳಿದೆ. ಕೂಗಿ ಹೇಳಿದೆ ಅಂತ ನಿನಗೆ ಗೊತ್ತಾಗಿರಲಿಕ್ಕಿಲ್ಲ.

ಇಷ್ಟೂ ನಿನಗೆ ಗೊತ್ತು. ಗೊತ್ತಿಲ್ಲದ್ದನ್ನು ಹೇಳುತ್ತೇನೆ, ಬೈದುಕೋ.

ನಿನ್ನ ಜಾಗದಲ್ಲಿ ಈಗ ಒಂದು ಹುಡುಗಿ ಕೂರುತ್ತಾಳೆ. ಕನ್ನಡಕದವಳು, ಹೆಚ್ಚು ಮಾತಿಲ್ಲ. ಬಂದ ದಿನವೇ ಗೋದಾಮಿನ ನಡುವೆ ನಿಂತು ಚಪ್ಪಾಳೆ ತಟ್ಟಿದಳು. ಈ ಹಾಸಿಗೆಗಳನ್ನು ಕಟ್ಟಿದವರು ಯಾರು, ಒಂದನ್ನೂ ಅಲ್ಲಾಡಿಸಬೇಡಿ ಅಂದಳು. ನಾನು ಕೆಮ್ಮು ಬಂದವಳ ಹಾಗೆ ಹೊರಗೆ ಹೋದೆ.

ಅವಳ ಮೊದಲ ಕಾರ್ಯಕ್ರಮದ ದಿನ ಜನ ಹತ್ತಿ ಇಟ್ಟುಕೊಂಡೇ ಬಂದರು, ಅಭ್ಯಾಸಬಲ. ಎರಡನೇ ಹಾಡಿಗೆ ಹಲ್ಲಿನ ಡಾಕ್ಟರ ಹೆಂಡತಿ ಒಂದು ಕಿವಿಯದು ತೆಗೆದರು. ಆಮೇಲೆ ಇನ್ನೊಂದು. ಅವರ ಪಕ್ಕದವರು. ಆ ಸಾಲು, ಹಿಂದಿನ ಸಾಲು. ನಡುವೆ ಯಾರೋ ಎದ್ದು, ತಮ್ಮ ಕುರ್ಚಿ ಎತ್ತಿಕೊಂಡು ಮುಂದೆ ಹೋಗಿ ಕೂತರು. ನೋಡನೋಡುತ್ತ ಎಲ್ಲರೂ. ನಾನು ಒಂದೊಂದು ಮಾರಾಗಿ ಹಿಂದೆ ತಳ್ಳಿದ್ದನ್ನು ಅವರು ಒಂದೇ ಹಾಡಿನಲ್ಲಿ ದಾಟಿಬಿಟ್ಟರು. ನಾನು ಕೆಳಗಿಳಿದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಸೌಂಡು ಚೆನ್ನಾಗಿತ್ತು ವೈರು. ಮೇಲಿನಿಂದ ಬೀದಿಯವರೆಗೆ ಬರುತ್ತಿತ್ತು, ಅಷ್ಟು ಚೆನ್ನಾಗಿತ್ತು. ಕೆಟ್ಟದಾಗಿದ್ದರೆ ನಾನು ಅವತ್ತೇ ಬಸ್ಸು ಹತ್ತಿ ಬಂದು ನಿನ್ನ ಕಿವಿ ಹಿಂಡಿ ಎಳೆದುಕೊಂಡು ಬರುತ್ತಿದ್ದೆ. ಈಗ ಹಾಲ್ ತುಂಬುತ್ತದೆ. ಪಕ್ಕದ ಊರುಗಳಿಂದ ಹಾಡುತ್ತೇವೆ ಅಂತ ಬರುತ್ತಾರೆ. ನಾವಿಬ್ಬರೂ ಏನೇನು ಕನಸು ಕಂಡೆವೋ ಅದೆಲ್ಲ ಆಗಿದೆ, ಮತ್ತೆ ಅದು ಆಗಿರುವುದು ನೀನು ಇಲ್ಲದ್ದರಿಂದ. ಇದನ್ನು ಹೇಗೆ ಬರೆದರೂ ಇಷ್ಟೇ ಕೆಟ್ಟದಾಗಿ ಕಾಣುತ್ತದೆ, ಹಾಗಾಗಿ ಒಂದೇ ಸಲ ಬರೆದು ಮುಂದೆ ಹೋಗುತ್ತಿದ್ದೇನೆ.

ನಿನ್ನ ಮೆಸೇಜನ್ನು ಹಾಡಮ್ಮನಿಗೆ ಓದಿ ಹೇಳಿದೆ. ಅವರ ದನಿ ಈಗ ತುಂಬ ತೆಳ್ಳಗಾಗಿದೆ. ಮೂರು ಸಲ ಕುದಿಸಿದ ಟೀ ಪುಡಿ ಕಣೇ ನಾನು, ಬಣ್ಣ ಇದೆ, ರುಚಿ ಇಲ್ಲ ಅನ್ನುತ್ತಾರೆ. ಅದಕ್ಕೇ ಇನ್ನು ಸಾಕು ಅಂತ ತೀರ್ಮಾನ ಮಾಡಿದ್ದು. ನಿನ್ನ ವಿಷಯ ಕೇಳಿ, ಬರಲಿ, ಅವನೇ ಕೂರಲಿ, ಹಾಳಾದರೆ ಒಂದು ಸಂಜೆ ಹಾಳಾಗುತ್ತೆ, ಹುಡುಗ ಹಾಳಾಗೋದಕ್ಕಿಂತ ವಾಸಿ ಅಂದರು. ಅವರು ಮನಸಾರೆ ಹೇಳಿದ್ದು. ಅವರಿಗೆ ಅದು ಸುಲಭ, ಅವರು ಅಷ್ಟು ದೊಡ್ಡವರು.

ನಾನು ಬೇಡ ಅಂದೆ.

ಆ ಒಂದು ಶಬ್ದ ಇದೇ. ಬೇಡ. ಅವರಿಗೆ ಇನ್ನೊಂದು ಸಂಜೆ ಇಲ್ಲ ವೈರು. ಉಳಿದಿರುವ ಆ ತೆಳು ದನಿಯನ್ನು ಹಾಗೆಯೇ, ಅದರ ನಡುಕದ ಸಮೇತ, ಜನ ಕೇಳಬೇಕು. ನೀನು ಏರಿಸಿದರೆ ಅದು ಸೀಳುತ್ತದೆ. ಕೇಳೋಕೆ ಬಾರದವನಿಗೆ ವೇದಿಕೆ ಇಲ್ಲ ಅಂತ ನೀನೇ ಬರೆಸಿದ್ದು, ಅದನ್ನೇ ನಿನ್ನ ಮುಖಕ್ಕೆ ಹಿಡಿಯುತ್ತಿದ್ದೇನೆ ಅಂತ ನೀನು ಬೈಯಬಹುದು. ಹೌದು, ಹಿಡಿಯುತ್ತಿದ್ದೇನೆ. ಬೇರೆಯವರ ಕೈಯಲ್ಲಿ ಹೇಳಿಸಬಹುದಿತ್ತು, ಹುಡುಗಿಯ ಮೇಲೆ ಹಾಕಬಹುದಿತ್ತು, ಮೆಸೇಜು ಬರಲೇ ಇಲ್ಲ ಅನ್ನಬಹುದಿತ್ತು. ಹೋದ ಸಲ ಹಾಗೆ ಮಾಡಿಯೇ ನಿನ್ನನ್ನು ಕಳೆದುಕೊಂಡೆ. ಈ ಸಲ ಬಾಯಿಬಿಟ್ಟು ಹೇಳಿ ಕಳೆದುಕೊಂಡರೂ ಸರಿ.

ಆದರೆ ಬಾ. ಹಾಡಮ್ಮ ಹೇಳಿ ಕಳಿಸಿದ್ದಾರೆ, ಆ ದಿನ ಮಧ್ಯಾಹ್ನವೇ ಬರಬೇಕಂತೆ. ಹಾಲ್ ಖಾಲಿ ಇರುವಾಗ, ಮೈಕಿಲ್ಲದೆ, ನಿನ್ನ ಪಕ್ಕ ಕೂತು ನಿನ್ನ ಕಿವಿಗೇ ಹಾಡುತ್ತಾರಂತೆ. ಉಗುಳು ಹಾರಿದರೆ ಒರೆಸಿಕೊಳ್ಳಲಿ ಅಂದರು. ನೀನು ಸೇರಿರುವ ಆ ಮಗ್ಗದ ಕಾರ್ಖಾನೆಯಲ್ಲಿ ಗದ್ದಲಕ್ಕೆ ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುತ್ತಾರಂತಲ್ಲ, ನಿನ್ನ ಜೊತೆಯವರೊಬ್ಬರು ಸಿಕ್ಕಿದ್ದಾಗ ಹೇಳಿದರು. ನೀನೂ ಕಲಿತಿದ್ದೀಯಂತೆ. ಹಾಗಾದರೆ ಸಂಜೆಗೆ ಮುಂದಿನ ಸಾಲಿನಲ್ಲಿ ಕೂರು. ಅವರ ಹಾಡುಗಳೆಲ್ಲ ನಿನಗೆ ಬಾಯಿಪಾಠ. ಸ, ಶ ಎಲ್ಲೆಲ್ಲಿ ಬರುತ್ತವೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬಾರದಿದ್ದರೆ ಬೈದಾದರೂ ಬರೆ. ಬೈಗುಳದಲ್ಲಿ ಕಾಗುಣಿತ ತಪ್ಪಿದರೆ ತಿದ್ದಿ ವಾಪಸು ಕಳಿಸುವುದಿಲ್ಲ, ಆಣೆ.

ಸಿಟ್ಟು ಎಷ್ಟಾದರೂ ಇಟ್ಟುಕೋ, ಊಟ ಬಿಡಬೇಡ.

ನಿನ್ನ
ಅಕ್ಕ
(ಊರಿನವರ ಸಂಕಟಮ್ಮ)

ಮೇಲಿನದನ್ನು ಲಕೋಟೆಗೆ ಹಾಕಿ ಅಂಟಿಸಿಯಾಗಿತ್ತು. ಮತ್ತೆ ಹರಿದು ತೆಗೆದೆ.

ಹೋದ ವಾರ ಪ್ರಾಕ್ಟೀಸಿನ ಹೊತ್ತಿಗೆ ನಾನು ವೇದಿಕೆಯ ಮುಂದೆ ನಿಂತು ಯಾರು ಯಾವಾಗ ಬರಬೇಕು ಅಂತ ಹೇಳುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಗಿಟಾರಿನವರೆಲ್ಲ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು. ಕನ್ನಡಕದ ಹುಡುಗಿ ಓಡಿಹೋಗಿ ಏನೋ ತಿರುಗಿಸಿದಳು. ಮೈಕು ಕಿರುಚಿತ್ತಂತೆ. ನಾನು ಮಾತು ನಿಲ್ಲಿಸಿರಲಿಲ್ಲ. ಎಲ್ಲರೂ ನನ್ನನ್ನು ನೋಡಿದರು, ಆಮೇಲೆ ಎಲ್ಲರೂ ಬೇರೆ ಕಡೆ ನೋಡಿದರು. ಹಾಗೆ ಬೇರೆ ಕಡೆ ನೋಡುವುದು ಹೇಗೆ ಅಂತ ನನಗೆ ಚೆನ್ನಾಗಿ ಗೊತ್ತು, ನಾನು ಅದರಲ್ಲಿ ಪಳಗಿದವಳು.

ಕಿವಿಯ ಡಾಕ್ಟರ ಹತ್ತಿರ ಹೋಗಿದ್ದೆ. ಮನೆಯಲ್ಲಿ ಇನ್ನು ಯಾರಿಗಾದರೂ ಇದೆಯಾ ಅಂತ ಕೇಳಿದರು. ತಮ್ಮನಿಗೆ ಅಂದೆ. ಹೇಳುವಾಗ ಅಪ್ಪ ನೆನಪಾದರು. ಕೊನೆಗಾಲದಲ್ಲಿ ಎಷ್ಟು ಕರೆದರೂ ತಿರುಗುತ್ತಿರಲಿಲ್ಲ, ನಾವಿಬ್ಬರೂ ಅದನ್ನು ಹಟ ಅಂದುಕೊಂಡು ಮಾತು ಬಿಟ್ಟಿದ್ದೆವಲ್ಲ. ಅಪ್ಪ ಆಸ್ತಿ ಅಂತ ಏನೂ ಬಿಟ್ಟುಹೋಗಲಿಲ್ಲ ಅಂತ ಸುಮ್ಮನೆ ದೂರಿದೆವು ಕಣೋ. ಬಿಟ್ಟಿದ್ದಾರೆ, ಹೆಣ್ಣುಮಗಳಿಗೂ ಸಮಪಾಲು.

ಈ ವಿಷಯ ನಿನಗೊಬ್ಬನಿಗೇ ಹೇಳುತ್ತಿದ್ದೇನೆ. ನಿನಗೆ ಯಾವ ಸದ್ದು ಮೊದಲು ಹೋಯಿತು, ಅದರ ಹಿಂದೆ ಯಾವುದು, ಒಂದೊಂದನ್ನೂ ನೆನಪು ಮಾಡಿಕೊಂಡು ಬರೆ. ಹೋಗುವ ಮುಂಚೆ ಅವನ್ನೆಲ್ಲ ಒಮ್ಮೆ ಕೂತು ಕೇಳಿಬಿಡುತ್ತೇನೆ.